ಲಾಭದಿಂದ ಎಣಿಸಿದ ಏಳು ಗಿಡ

ಮೊದಲ ಚೀಲದ ಮೇಲೆ ನಾನು ಬರೆದದ್ದು ‘ಒಂದು’ ಎಂದು ನನಗೆ ಇವತ್ತಿಗೂ ನೆನಪಿದೆ. ಕಪ್ಪು ಮಾರ್ಕರ್ ಪೆನ್ನು, ಬಿಸಿಲಿಗೆ ಬೆಚ್ಚಗಾದ ಪ್ಲಾಸ್ಟಿಕ್ಕು, ಅಂಕಿಯ ಬಾಲ ಸ್ವಲ್ಪ ಉದ್ದವಾಗಿ ಎಳೆದದ್ದು ಕೂಡ ಕಣ್ಣಿಗೆ ಕಟ್ಟಿದಂತಿದೆ. ಈ ನೆನಪು ಸುಳ್ಳು. ಸುಳ್ಳೆಂದು ತೋರಿಸಿಕೊಟ್ಟದ್ದು ನನ್ನದೇ ಕೈಬರಹ. ಹೀಗಾಗಿ ಮುಂದೆ ಬರೆಯುವುದರಲ್ಲಿ ಎಲ್ಲಿ ಕಾಗದ ಸಾಕ್ಷಿ ಇದೆಯೋ ಅಲ್ಲಿ ಗಟ್ಟಿಯಾಗಿ ಹೇಳುತ್ತೇನೆ, ಉಳಿದ ಕಡೆ ಓದುವವರು ನನ್ನನ್ನು ಅಷ್ಟಾಗಿ ನಂಬದಿದ್ದರೂ ನಡೆಯುತ್ತದೆ.

ಬರದ ಎರಡನೆಯ ವರ್ಷ. ಬೀದರಿನ ಒಂದು ಸಂಶೋಧನಾ ಕೇಂದ್ರದಲ್ಲಿ ನಾನು ಗುತ್ತಿಗೆಯ ಮೇಲೆ ಕೆಲಸಕ್ಕಿದ್ದೆ. ನೌಬಾದದ ಬಾಡಿಗೆ ಕೋಣೆಯ ಮುಂದೆ ಟ್ಯಾಂಕರಿಗೆ ಕೊಡ ಹಿಡಿದು ನಿಲ್ಲುವುದು, ಆಮೇಲೆ ಹೋಗಿ ಕಂಪ್ಯೂಟರಿನ ಮುಂದೆ ಕುಳಿತು ಹಣ್ಣಿನ ಗಿಡಗಳ ವಂಶವಾಹಿ ಓದುವುದು, ಇದು ನನ್ನ ದಿನಚರಿ. ಎಲೆಯಿಂದ ಡಿಎನ್‌ಎ ತೆಗೆದು ದೂರದ ಊರಿನ ಪ್ರಯೋಗಾಲಯಕ್ಕೆ ಕಳಿಸಿದರೆ, ಅಲ್ಲಿನ ಯಂತ್ರ ಅದನ್ನು ನಾಲ್ಕೇ ಅಕ್ಷರಗಳ ಉದ್ದನೆಯ ಸಾಲುಗಳಾಗಿ ವಾಪಸು ಕಳಿಸುತ್ತದೆ. ಒಂದು ಗಿಡದ ಸಾಲನ್ನು ಇನ್ನೊಂದರ ಸಾಲಿನ ಪಕ್ಕಕ್ಕಿಟ್ಟು ಅಕ್ಷರ ಎಲ್ಲಿ ಬೇರೆಯಾಗುತ್ತದೆ ಎಂದು ಹುಡುಕಿಸುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಅಕ್ಷರಗಳೆಲ್ಲ ಕೂಡಿದರೆ ಎರಡೂ ಒಂದೇ ತಳಿ. ಕೂಡದಿದ್ದರೆ ಬೇರೆ.

ಹೊಲದ ಬದುವಿನ ಮೇಲೆ ಓಟೆಯಿಂದ, ಅಂದರೆ ಗೊರಟೆಯಿಂದ, ತಾನಾಗಿ ಹುಟ್ಟಿ ಬೆಳೆದ ಜವಾರಿ ಮಾವಿನ ಗಿಡಗಳಲ್ಲಿ ಅಪರೂಪದವು ಯಾವುವು ಎಂದು ಪಟ್ಟಿ ಮಾಡುವ ಯೋಜನೆಯೊಂದು ಆ ವರ್ಷ ಬಂತು. ಔರಾದ ತಾಲ್ಲೂಕಿನ ನಮ್ಮ ಅತ್ತೆಯ, ಅಂದರೆ ಅಪ್ಪನ ಅಕ್ಕನ, ಹೊಲದ ಬದುವಿನಲ್ಲಿ ಸಾಲಾಗಿ ಏಳು ಮಾವಿನ ಗಿಡಗಳಿದ್ದವು. ಅವನ್ನೂ ಪಟ್ಟಿಗೆ ಸೇರಿಸಿದೆ. ಎಲೆ ಕೇಳಲು ಹೋದಾಗ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಎಲಿ ಓದಿ ಗಿಡದ ಜಾತಿ ಹೇಳ್ತಿ?”

“ಹ್ಞೂಂ ಅತ್ತಿ.”

“ಇಷ್ಟ ದಿನಾ ಮಂದಿ ಜಾತಿ ಕೇಳಿ ಕೇಳಿ ಹೊಟ್ಟಿ ತುಂಬಿಲ್ಲೇನೋ ಅಳಿಯಾ? ಈಗ ಗಿಡದ್ದೂ ಕೇಳ್ಲಾಕ ಹೊಂಟೀರಿ?”

ಊರಿನ ಬುದ್ಧವಿಹಾರದ ಪಕ್ಕದ ಓಣಿಯಲ್ಲಿ ಹುಟ್ಟಿ ಬೆಳೆದ ನಮ್ಮವರಿಗೆ ಈ ಮಾತು ಬರೀ ತಮಾಷೆಯಲ್ಲ. ನಾನು ನಕ್ಕೆ. ಅವಳು ನಗಲಿಲ್ಲ. ಆದರೂ ಬುಟ್ಟಿ ತೆಗೆದುಕೊಂಡು ಮುಂದೆ ನಡೆದಳು.

ಅತ್ತೆಯ ಹೊಲದಲ್ಲಿ ಆಗ ಒಂದು ಜಗಳ ನಡೆದಿತ್ತು. ಬಾವಿ ಬತ್ತಿತ್ತು, ಬೋರು ಕೊರೆಸುವುದೆಂದು ನಿರ್ಧಾರವಾಗಿತ್ತು. ನೀರಿನ ಗುರುತು ಹಾಕಿಸಿದ ಜಾಗಕ್ಕೆ ಬೋರಿನ ಗಾಡಿ ಹೋಗಬೇಕಾದರೆ ಬದುವಿನ ನಾಲ್ಕನೆಯ ಮತ್ತು ಐದನೆಯ ಗಿಡದ ನಡುವೆಯೇ ದಾರಿ. ಒಂದು ಪಕ್ಕ ಬಾವಿ, ಇನ್ನೊಂದು ಪಕ್ಕ ಹಳ್ಳ. ಆ ಎರಡು ಗಿಡಗಳ ನಡುವಿನ ಜಾಗ ಗಾಡಿಗೆ ಸಾಲದು. ಒಂದನ್ನು ಕಡಿಯಲೇಬೇಕು.

ನಾಲ್ಕನೆಯದು ಓಟೆಯಿಂದ ತಾನಾಗಿ ಹುಟ್ಟಿದ್ದು, ಅತ್ತೆಯ ಅತ್ತೆ ನೀರು ಹಾಕಿ ಬೆಳೆಸಿದ್ದು. ಅದರ ಹಣ್ಣಿಗೆ ಸಬ್ಬಸಗಿ ಸೊಪ್ಪಿನ ವಾಸನೆ. ಮರಾಠಿಯಲ್ಲಿ ಆ ಸೊಪ್ಪಿಗೆ ಶೇಪು ಎನ್ನುವುದರಿಂದ ಮನೆಯವರೆಲ್ಲ ಆ ಗಿಡವನ್ನು ‘ಶೇಪ್ಯಾ’ ಎನ್ನುತ್ತಿದ್ದರು. ಬರದ ಮೊದಲ ವರ್ಷ ಉಳಿದ ಗಿಡಗಳು ಹೂವನ್ನೇ ಉದುರಿಸಿ ಸುಮ್ಮನಾದಾಗ ಅದೊಂದು ಕಾಯಿ ಬಿಟ್ಟಿತ್ತು. ಐದನೆಯದು ಸಣ್ಣ ಮಾಮನದು. ಸಣ್ಣ ಮಾಮ ಎಂದರೆ ಅತ್ತೆಯ ಮೈದುನ. ಮಾಮ ತೀರಿಕೊಂಡ ಮೇಲೆ ಹೊಲವನ್ನು ಅತ್ತೆ ಮತ್ತು ಅವನು ಕೂಡಿಯೇ ನೋಡುತ್ತಿದ್ದರು. ಎಳೆಯ ಗಿಡದ ತಲೆ ಕತ್ತರಿಸಿ ಪೇಟೆಯ ಹೆಸರುವಾಸಿ ತಳಿಯ ಕಡ್ಡಿಯನ್ನು ತಾನೇ ಕಸಿ ಕಟ್ಟಿ ಬೆಳೆಸಿದ್ದ. ಹಾಗೆ ಕಸಿ ಮಾಡಿದ್ದಕ್ಕೆ ನಮ್ಮ ಕಡೆ ಕಲ್ಮಿ ಎನ್ನುತ್ತಾರೆ.

“ನಾಕನೇದು ತೆಗ್ಯೋಣ ವೈನಿ,” ಎಂದ ಸಣ್ಣ ಮಾಮ ಅತ್ತಿಗೆಗೆ. “ಅದು ಬರೇ ಜವಾರಿ. ತಾನಾಗೇ ಹುಟ್ಟಿದ್ದು.”

“ನೀನೂ ತಾನಾಗೇ ಹುಟ್ಟೀದಿ ತಮ್ಮಾ. ನಿನಗ್ಯಾರು ಕಲಮ್ ಕಟ್ಟಿದ್ರು?”

“ನಿನ್ನ ಜೋಡಿ ಮಾತಾಡೋದ ತಪ್ಪು.”

“ಹಂಗಾದ್ರ ಮಾತು ಬ್ಯಾಡ. ಅಳಿಯನ ಕಂಪ್ಯೂಟರ್ ಹೇಳ್ಲಿ. ಎರಡರಾಗ ಯಾವ್ದು ಊರೂರಾಗ ಸಿಗ್ತದೋ ಅದು ಹೋಗ್ಲಿ. ಮತ್ತ ಸಿಗಲಾರ್ದು ಇರ್ಲಿ. ಒಪ್ಪಿಗಿ?”

“ಒಪ್ಪಿಗಿ.”

ಇಬ್ಬರೂ ನನ್ನ ಮುಖ ನೋಡಿದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಬೇಡ ಎನ್ನುವ ಯೋಚನೆಯೇ ಬರಲಿಲ್ಲ.

ನಮ್ಮ ಕಡೆ ಕಣದಲ್ಲಿ ಜೋಳ ಅಳೆಯುವಾಗ ಮೊದಲನೆಯ ಅಳತೆಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಅತ್ತೆ ಎಲ್ಲವನ್ನೂ ಹಾಗೆಯೇ ಎಣಿಸುತ್ತಾಳೆ, ರೊಟ್ಟಿಯನ್ನೂ, ಬಸ್ಸಿನಲ್ಲಿ ಇಳಿಸಿದ ಗಂಟುಗಳನ್ನೂ. ಅವತ್ತು ಬಾವಿಯ ದಂಡೆಯ ಗಿಡದಿಂದ ಶುರು ಮಾಡಿ ಎಳೆ ಚಿಗುರು ಕಿತ್ತು ಕಿತ್ತು ನನ್ನ ಚೀಲಗಳಿಗೆ ಹಾಕುತ್ತ ಹೋದಳು. “ಲಾಭ... ಎರಡು... ಮೂರು...” ನಾನು ಹಿಂದೆ ಹಿಂದೆ ಬರೆಯುತ್ತ ಹೋದೆ.

ಕೆಲವು ತಿಂಗಳ ಮೇಲೆ ಫಲಿತಾಂಶ ಬಂತು. ಹೋಲಿಸಿದೆ. ನಾಲ್ಕನೆಯ ಗಿಡ ಪೇಟೆಯ ಹೆಸರುವಾಸಿ ತಳಿಗೆ ಅಕ್ಷರಕ್ಕೆ ಅಕ್ಷರ ಕೂಡಿತು. ಐದನೆಯದು ನಮ್ಮ ಬಳಿ ಇದ್ದ ಯಾವ ತಳಿಗೂ ಕೂಡಲಿಲ್ಲ, ಅದು ಅಪರೂಪದ್ದು. ವರದಿ ಬರೆದು, ಸಹಿ ಹಾಕಿ, ಅತ್ತೆಗೆ ಫೋನು ಮಾಡಿದೆ.

ಅವಳು ಕೇಳಿದಳು: “ಐದನೇದು ಕಲ್ಮಿ ಅಲ್ಲ ಅಂದ್ರ, ಅದರ ಬುಡದಾಗ ಕಲಮ್ ಕಟ್ಟಿದ ಗಂಟು ಹ್ಯಾಂಗ ಬಂತು?”

“ಗಂಟು ಇರ್ತದತ್ತಿ. ಕಡ್ಡಿ ಕೊಟ್ಟವ್ರು ಮೋಸ ಮಾಡಿರ್ತಾರ. ಬ್ಯಾರೇ ಗಿಡದ ಕಡ್ಡಿ ಕೊಟ್ಟಿರ್ತಾರ.”

“ಶೇಪ್ಯಾನ ವಾಸನಿ?”

“ವಾಸನಿ ಮಣ್ಣಿಂದೂ ಬರ್ತದ.”

ಎಲ್ಲದಕ್ಕೂ ನನ್ನ ಬಳಿ ಉತ್ತರವಿತ್ತು. ಜನರ ನೆನಪನ್ನು ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು, ಅದನ್ನು ಚೆನ್ನಾಗಿ ಕಲಿತಿದ್ದೆ. ನಿನ್ನದನ್ನೂ ನಂಬಬೇಡ ಎಂದೂ ಹೇಳಿರಬೇಕು. ಆ ದಿನ ನಾನು ತರಗತಿಗೆ ಹೋಗಿರಲಿಲ್ಲವೋ ಏನೋ.

ಅತ್ತೆ ವಾದ ಮಾಡಲಿಲ್ಲ. “ಒಪ್ಪಿಗಿ ಅಂದೀನಿ, ಒಪ್ಪಿಗಿನೇ,” ಎಂದು ಫೋನಿಟ್ಟಳು. ಸಣ್ಣ ಮಾಮ ಮಾತ್ರ ನೆಲದ ಮೇಲಿರಲಿಲ್ಲ. ತಾನು ಕಟ್ಟಿದ ಗಿಡ ಇಡೀ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಎಂದು ಕಮಲನಗರದ ಚಹಾದ ಹೋಟೆಲಿನಲ್ಲಿ ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದನಂತೆ. ದಸರೆಯ ಮೇಲೆ ಬೋರಿನ ಗಾಡಿ ಬರುವುದೆಂದು ಗೊತ್ತಾಯಿತು. ಅದೇ ವಾರ ಊರಿನ ಅರ್ಧ ಮನೆಗಳಿಗೆ ಬೀಗ ಬೀಳುವುದಿತ್ತು. ಮಹಾರಾಷ್ಟ್ರದ ಕಬ್ಬಿನ ಸೀಮೆಗೆ ಟ್ರಕ್ಕುಗಳು ಹೊರಡುತ್ತಿದ್ದವು, ಅತ್ತೆಯೂ ಮಗ ಸೊಸೆಯೊಂದಿಗೆ ಕಬ್ಬು ಕಡಿಯಲು ಹೋಗುವವಳಿದ್ದಳು.

ಗಂಟಿನ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ. ಕಡ್ಡಿ ಕೊಟ್ಟವರು ಮೋಸ ಮಾಡಬಹುದು. ಆದರೆ ಬರೀ ಓಟೆಯಿಂದ ಹುಟ್ಟಿದ ಗಿಡವೊಂದು ಪೇಟೆಯ ತಳಿಗೆ ಅಕ್ಷರಕ್ಕೆ ಅಕ್ಷರ ಹೇಗೆ ಕೂಡೀತು? ಮಾವಿನಲ್ಲಿ ಓಟೆಯ ಗಿಡ ತಾಯಿಯನ್ನು ಹೋಲಬಹುದು, ತಾಯಿಯೇ ಆಗುವುದು ಅಪರೂಪ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ದಸರೆ ರಜೆ ಮುಗಿದ ಮರುದಿನ ಮಧ್ಯಾಹ್ನ ಕೇಂದ್ರದ ಕಪಾಟು ತೆಗೆದು, ಉಳಿದ ಎಲೆಗಳನ್ನು ಒಣಗಿಸಿಟ್ಟಿದ್ದ ಚೀಲಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಎರಡು, ಮೂರು, ನಾಲ್ಕು, ಐದು, ಆರು, ಏಳು. ಒಂದು ಇರಲಿಲ್ಲ. ಅದರ ಬದಲು ಇನ್ನೊಂದು ಚೀಲವಿತ್ತು. ಅದರ ಮೇಲೆ ನನ್ನ ಕೈಯಿಂದ, ಕಪ್ಪು ಮಾರ್ಕರಿನಿಂದ, ‘ಲಾಭ’ ಎಂದು ಬರೆದಿತ್ತು.

ಅತ್ತೆ ಕೂಗಿದ್ದನ್ನು ಹಾಗೆಯೇ ಬರೆದಿದ್ದೆ.

ಹಳೆಯ ಫೈಲು ತೆಗೆದೆ. ಪಟ್ಟಿಯಲ್ಲೂ ಮೊದಲ ಸಾಲು ‘ಲಾಭ’ವೇ. ಅದರ ನಂತರದ ಫೈಲಿನಲ್ಲಿ ಹೆಸರುಗಳನ್ನು ಕ್ರಮವಾಗಿ ಜೋಡಿಸು ಎಂದು ಕಂಪ್ಯೂಟರಿಗೆ ಹೇಳಿದ್ದೇನೆ. ಅದು ಅಂಕಿಗಳನ್ನು ಮೇಲೆ ಇಟ್ಟು, ಅಕ್ಷರವನ್ನು ಎಲ್ಲಕ್ಕಿಂತ ಕೆಳಗೆ ತಳ್ಳಿದೆ. ದೂರದ ಪ್ರಯೋಗಾಲಯದ ಅರ್ಜಿಯಲ್ಲಿ ಅಂಕಿ ಬಿಟ್ಟು ಬೇರೇನೂ ಬರೆಯಲು ಬರುವುದಿಲ್ಲ. ಹೀಗಾಗಿ ನಾನು ಮೇಲಿಂದ ಕೆಳಗೆ ಒಂದರಿಂದ ಏಳು ಎಂದು ಹೊಸದಾಗಿ ತುಂಬಿದ್ದೇನೆ. ಎರಡನೆಯ ಗಿಡ ಒಂದಾಯಿತು, ಮೂರನೆಯದು ಎರಡಾಯಿತು, ಬಾವಿಯ ದಂಡೆಯ ಗಿಡ ಏಳಾಯಿತು. ನಾಲ್ಕು ಎಂದು ನಾನು ವರದಿ ಮಾಡಿದ್ದು ಸಣ್ಣ ಮಾಮನ ಕಲ್ಮಿಯನ್ನು, ಐದು ಎಂದದ್ದು ಅದರ ಪಕ್ಕದ ಆರನೆಯ ಗಿಡವನ್ನು. ಅತ್ತೆಯ ಶೇಪ್ಯಾ ಮೂರನೆಯ ಸಾಲಿನಲ್ಲಿ, ಯಾವ ತಳಿಗೂ ಕೂಡದೆ, ಯಾರ ಕಣ್ಣಿಗೂ ಬೀಳದೆ ಕುಳಿತಿತ್ತು.

ಇದನ್ನೆಲ್ಲ ನಾನೇ ಮಾಡಿದ್ದೆ. ಮಾಡಿದ ಒಂದು ಗಳಿಗೆಯೂ ನೆನಪಿಲ್ಲ.

ಕುಣಿದಾಡಬೇಕು ಅನಿಸಿತು, ಅನಿಸಿದ್ದಕ್ಕೇ ಹೆದರಿಕೆಯಾಯಿತು. ಅತ್ತೆಯ ಗಿಡ ಉಳಿಯಲಿ ಎಂದು ಬಯಸುವವನು ತಾನೇ ಹುಡುಕಿದ ತಪ್ಪು ಇದು. ಬೇರೆಯವರು ಹೀಗೆ ಹೇಳಿಕೊಂಡು ಬಂದಿದ್ದರೆ ನಾನು ನಂಬುತ್ತಿದ್ದೆನೇ? ಇನ್ನೊಂದು ಪರೀಕ್ಷೆ ಬೇಕಿತ್ತು, ಅದು ಸಿಕ್ಕಿತು. ಹಿಂದಿನ ವರ್ಷ ಕೆಲಸ ಕಲಿಯುವಾಗ ಬಾವಿಯ ದಂಡೆಯ ಗಿಡದ ಒಂದೇ ಒಂದು ಎಲೆಯನ್ನು ಓದಿಸಿದ್ದೆ. ಆ ಹಳೆಯ ಸಾಲುಗಳು ಇನ್ನೂ ಇದ್ದವು. ಅವನ್ನು ಏಳು ಗಿಡಗಳೊಂದಿಗೆ ಹೋಲಿಸಿದೆ. ನನ್ನ ವರದಿ ಸರಿಯಿದ್ದರೆ ಅವು ಒಂದಕ್ಕೆ ಕೂಡಬೇಕು. ಏಳಕ್ಕೆ ಕೂಡಿದವು.

ಮರುದಿನ ಬೆಳಿಗ್ಗೆ ಕೇಂದ್ರದ ಮುಖ್ಯಸ್ಥರ ಕೋಣೆಗೆ ಹೋದೆ. ಅವರು ಮೈಸೂರಿನ ಕಡೆಯವರು, ಕೆಟ್ಟವರಲ್ಲ, ವರದಿಗಳು ಹೊತ್ತಿಗೆ ಸರಿಯಾಗಿ ಹೋದರೆ ಸಾಕೆನ್ನುವವರು. ಪೂರ್ತಿ ಕೇಳಿಸಿಕೊಂಡರು.

“ಅದು ನಿಮ್ಮ ಅತ್ತೆ ಹೊಲ ಅಲ್ವೇನ್ರೀ?”

“ಹೌದ್ರಿ ಸರ್.”

“ಈಗ ಅವರಿಗೆ ಬೇಕಾದ ಹಾಗೇ ಫಲಿತಾಂಶ ತಿರುಗಿಬಿಡ್ತು. ಯಾರು ನಂಬ್ತಾರೆ?”

“ನಂಬೋದು ಬ್ಯಾಡ್ರಿ. ಚೀಲ ಅವ, ಫೈಲ್ ಅದ, ತಾವೇ ನೋಡ್ರಿ.”

“ವರದಿ ಮೇಲಕ್ಕೆ ಹೋಗಾಗಿದೆ. ಮುಂದಿನ ವರ್ಷದ ವರದಿಯಲ್ಲಿ ಸರಿಮಾಡೋಣ.”

“ಮುಂದಿನ ವರ್ಷಕ್ಕ ಗಿಡ ಇರಲ್ರಿ.”

“ಒಂದು ಗಿಡ ಕಣ್ರೀ!”

“ಏಳೂ ತಪ್ಪವ ಸರ್.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಸಹಿ ಯಾರದ್ದು ಅದರಲ್ಲಿ?”

“ನಂದು.”

“ಹಾಗಾದ್ರೆ ತಪ್ಪು ಯಾರದ್ದು ಅಂತಾನೂ ಬರೀಬೇಕಾಗುತ್ತೆ. ನಿಮ್ಮ ಗುತ್ತಿಗೆ ಬೇರೆ ಮುಗೀತಾ ಬಂತು. ಯೋಚನೆ ಮಾಡಿ.”

“ಬರದೀನ್ರಿ,” ಎಂದು ಕಾಗದವನ್ನು ಅವರ ಮುಂದಿಟ್ಟೆ. ತಪ್ಪು ನನ್ನದು, ಹೇಗೆ ಆಯಿತು, ಸರಿಯಾದ ಪಟ್ಟಿ ಯಾವುದು ಎಂದು ಒಂದೇ ಪುಟ. ವರದಿ ಯಾರ್ಯಾರಿಗೆ ಹೋಗಿತ್ತೋ ಅವರಿಗೆಲ್ಲ ಅದರ ಪ್ರತಿಯನ್ನು ಮುಖ್ಯಸ್ಥರ ಕೋಣೆಗೆ ಬರುವ ಮೊದಲೇ ಕಳಿಸಿಬಿಟ್ಟಿದ್ದೆ. ಅವರು ಬೇಡ ಎಂದರೆ ನನ್ನ ಧೈರ್ಯ ಉಳಿಯುತ್ತದೋ ಇಲ್ಲವೋ ಎಂಬ ಅನುಮಾನ ನನಗಿತ್ತು. ನನ್ನ ನೆನಪಿನಷ್ಟೇ ನನ್ನ ಧೈರ್ಯದ ಮೇಲೂ ನನಗೆ ನಂಬಿಕೆ ಕಡಿಮೆ.

ಅತ್ತೆಗೆ ಫೋನು ಹತ್ತಲಿಲ್ಲ. ಭಾಲ್ಕಿಯ ಬಸ್ಸು ಹಿಡಿದೆ. ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಾಸಿಗೆ, ಹಿಟ್ಟಿನ ಡಬ್ಬಿ, ಕೋಳಿ, ಕಟ್ಟಿದ ಕುಡಗೋಲು, ಎಲ್ಲವನ್ನೂ ಗಂಟು ಕಟ್ಟಿಕೊಂಡು ಮಂದಿ ಕುಳಿತಿದ್ದರು. ಊರಿಗೆ ಹೋಗುವ ಟಂಟಂ ಆಟೋದಲ್ಲಿ ನಾನೊಬ್ಬನೇ. “ಎಲ್ಲಾರೂ ಹೊರಗ ಹೊಂಟಾರ, ನೀವು ಒಳಗ ಹೊಂಟೀರಲ್ರಿ,” ಎಂದ ಟಂಟಂನವನು.

ಹೊಲಕ್ಕೆ ಮುಟ್ಟುವಷ್ಟರಲ್ಲಿ ಬೋರಿನ ಗಾಡಿ ಬದುವಿನ ಆಚೆ ಬಂದು ನಿಂತಿತ್ತು. ಮರ ಕೊಯ್ಯುವ ಇಬ್ಬರು ಯಂತ್ರದ ಗರಗಸಕ್ಕೆ ಎಣ್ಣೆ ಹಾಕುತ್ತಿದ್ದರು. ಅತ್ತೆ ಶೇಪ್ಯಾನ ನೆರಳಿನಲ್ಲಿ ತನ್ನ ಗಂಟಿನ ಮೇಲೆ ಕುಳಿತಿದ್ದಳು. ಅವಳ ಟ್ರಕ್ಕು ಅದೇ ದಿನ ಸಂಜೆ.

“ಬರ್ರಿ ಸಾಹೇಬ್ರ!” ಸಣ್ಣ ಮಾಮ ದೂರದಿಂದಲೇ ಕೂಗಿದ. “ನಿಮ್ಮ ಅಪರೂಪದ ಗಿಡಕ್ಕ ಒಂದು ಬೋರ್ಡ್ ಬರಕೊಡ್ರಿ.”

“ಮಾಮಾ, ನಿಲ್ಲಸ್ರಿ. ನನ್ನ ಕಾಗದಾ ತಪ್ಪದ. ಅಪರೂಪದ್ದು ನಾಕನೇದು. ಐದನೇದು ಪೇಟಿ ಕಲ್ಮಿ.”

ಅವನ ಮುಖದ ನಗು ಹಾಗೇ ಇತ್ತು, ಕಣ್ಣು ಮಾತ್ರ ಬದಲಾಯಿತು. “ತಪ್ಪು ಹ್ಯಾಂಗಾಯ್ತು?”

“ಅತ್ತಿ ಲಾಭ ಅಂದಿದ್ದಕ್ಕ ನಾನೂ ಲಾಭ ಅಂತ ಬರದೆ. ಕಂಪ್ಯೂಟರ್ ಅದಕ್ಕ ಒಯ್ದು ಕಡೀಗಿ ಕೂಡಿಸ್ತು. ಎಲ್ಲಾ ಒಂದೊಂದು ಮನಿ ಮುಂದ ಸರದು ಬಿಟ್ಟವ.”

“ಲಾಭಕ್ಕ ಕಡೀಗಿ ಕೂಡಿಸ್ತು?” ಅವನು ಗರಗಸದವರ ಕಡೆ ತಿರುಗಿದ. “ಕೇಳಿದ್ರೇನ್ರಿ? ಎಂಥಾ ಯಂತ್ರೋ ಮಾರಾಯಾ, ಜಲ್ಮದಾಗ ಕಣಾ ನೋಡಿಲ್ಲ ಕಾಣ್ತದ!”

ಎಲ್ಲರೂ ನಕ್ಕರು. ಅತ್ತೆಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಸಣ್ಣ ಮಾಮ ನಗು ನಿಲ್ಲಿಸಿ ನನ್ನ ಹತ್ತಿರ ಬಂದ.

“ಅವತ್ತ ಒಂದು ಕಾಗದಾ ಕೊಟ್ಟಿ. ಇವತ್ತ ಒಂದು ಕೊಡ್ಲಾಕತ್ತಿ. ನಾಳಿ ಮೂರನೇದು ತಂದ್ರ? ಕಡದ ಗಿಡಾ ನೀ ಹೊಳ್ಳಿ ಹಚ್ಚಿ ಕೊಡ್ತಿ?”

ಇಷ್ಟು ಸರಿಯಾದ ಪ್ರಶ್ನೆಯನ್ನು ನನ್ನ ಕೆಲಸದ ಬಗ್ಗೆ ಯಾವ ಪ್ರಾಧ್ಯಾಪಕರೂ ಕೇಳಿರಲಿಲ್ಲ. ಚೀಲ, ಫೈಲು, ಹಳೆಯ ಎಲೆ, ಇವನ್ನೆಲ್ಲ ಅವನು ಹೇಗೆ ನೋಡಿಯಾನು, ನೋಡಿದರೂ ಯಾಕೆ ನಂಬಿಯಾನು? ನಾನು ಐದನೆಯ ಗಿಡದ ಬುಡಕ್ಕೆ ಹೋಗಿ ನಿಂತೆ. ಮೊಣಕಾಲೆತ್ತರದಲ್ಲಿ ಕಸಿಯ ಗಂಟು ದಪ್ಪವಾಗಿ ಉಬ್ಬಿತ್ತು.

“ಮಾಮಾ, ಇದು ಯಾರು ಕಟ್ಟಿದ್ದು?”

“ನಾನು. ಯಾಕ?”

“ನೆನಪದ?”

“ನೆನಪದ ಅಂದ್ರ? ಭಾಲ್ಕಿ ಕಡಿ ಒಬ್ಬರ ಮಾವಿನ ತ್ವಾಟದಿಂದ ಕಡ್ಡಿ ತಂದೀನಿ, ಒದ್ದಿ ಅರಿವ್ಯಾಗ ಸುತ್ತಿ, ಸೈಕಲ್ ಮ್ಯಾಲ. ಗಿಡ ಹಣ್ಣು ಬಿಟ್ಟಿತ್ತು, ತಿಂದು ನೋಡೇ ತಂದೀನಿ. ವೈನಿ ಹಳೀ ಸೀರಿ ಹರದು ಕಟ್ಟೀನಿ. ಹೌದಲ್ಲ ವೈನಿ?”

“ಹಸರ ಸೀರಿ,” ಎಂದಳು ಅತ್ತೆ. “ಹಳೀದಲ್ಲ. ನೀ ಕೇಳಲಾರ್ದ ಹರದಿ.”

“ಹಂಗಾದ್ರ ಮಾಮಾ, ನನ್ನ ಮೊದಲಿನ ಕಾಗದಾ ನಿಮ್ಮ ಕೈಗಿ ಸುಳ್ಳು ಅಂತದ. ನೀವು ತಿಂದ ಹಣ್ಣು ಸುಳ್ಳು, ಕಟ್ಟಿದ ಕಡ್ಡಿ ಸುಳ್ಳು. ಇವತ್ತಿಂದು ಖರೆ ಅಂತದ. ಯಾವ ಕಾಗದಾ ಬೇಕು, ನೀವೇ ಆರಸ್ರಿ.”

ನೆನಪನ್ನು ನಂಬದವನು ಇನ್ನೊಬ್ಬನ ನೆನಪಿಗೇ ಮೊರೆ ಹೋಗಿದ್ದೆ. ಬೇರೆ ದಾರಿ ಇರಲಿಲ್ಲ. ಆ ಗಂಟು ಮಾತ್ರ ಯಾರ ನೆನಪೂ ಅಲ್ಲ. ಕೈಯಿಂದ ಮುಟ್ಟಬಹುದಿತ್ತು.

ಸಣ್ಣ ಮಾಮ ಅದನ್ನು ಮುಟ್ಟಿದ. ಗಂಟಿನ ಸುತ್ತ ಬೆರಳಾಡಿಸಿದ. ಕಮಲನಗರದ ಹೋಟೆಲಿನಲ್ಲಿ ಆಡಿದ ಮಾತುಗಳೆಲ್ಲ ಅವನಿಗೆ ಕೇಳುತ್ತಿದ್ದಿರಬೇಕು. ಗಾಡಿಯ ಡ್ರೈವರು ಹಾರ್ನ್ ಹೊಡೆದ: “ಯಾವುದರ ಒಂದು ಹೇಳ್ರಿ ಜಲ್ದಿ, ಇನ್ನೂ ಮೂರು ಊರು ಹೋಗಬೇಕು.”

“ನಾ ಕಟ್ಟಿದ್ದು ಕಲ್ಮೀನೇ,” ಎಂದ ಸಣ್ಣ ಮಾಮ, ಯಾರಿಗೆ ಎಂದಿಲ್ಲದಂತೆ. “ನನ್ನ ಕೈ ತಪ್ಪಿಲ್ಲ. ಐದನೇದು ಕೊಯ್ರಿ.” ಹೇಳಿ ಬಾವಿಯ ಕಡೆ ನಡೆದುಬಿಟ್ಟ.

ಅತ್ತೆ ಗೆದ್ದೆ ಎನ್ನಲಿಲ್ಲ. ಗರಗಸ ಶುರುವಾಗುವ ಮೊದಲು ಐದನೆಯ ಗಿಡದ ಹತ್ತಿರ ಹೋಗಿ, ಕೈಗೆ ಸಿಗುವ ಕಡ್ಡಿಗಳಲ್ಲಿ ಚಲೋ ಇದ್ದವನ್ನು ಮುರಿದುಕೊಂಡು, ತನ್ನ ಗಂಟು ಬಿಚ್ಚಿ ಒಂದು ಅರಿವೆ ಹರಿದು, ನೀರು ಹಾಕಿ ಸುತ್ತಿದಳು. ಬಾವಿಯ ದಂಡೆಯಲ್ಲಿ ಕುಳಿತಿದ್ದ ಮೈದುನನ ಮಡಿಲಿಗೆ ಅದನ್ನು ಹಾಕಿ ಅಂದಳು: “ಹಳ್ಳದ ದಂಡಿಗಿ ಒಂದು ಎಳೀ ಗಿಡ ಅದ. ಕಟ್ಟು. ಈ ಸಲ ನಾನೇ ಹರದು ಕೊಟ್ಟೀನಿ.”

ಬೋರಿನಲ್ಲಿ ಧೂಳು ಬಂತು, ಬರೀ ಬಿಳಿಯ ಧೂಳು. ನಾವೆಲ್ಲ ತಲೆಯಿಂದ ಕಾಲಿನವರೆಗೆ ಬೆಳ್ಳಗಾದೆವು. ಇದಕ್ಕಾಗಿಯೇ ಗಿಡ ಕಳೆದುಕೊಂಡೆವೇ ಎಂದು ನಾನು ಕೇಳಬಾರದಿತ್ತು, ಕೇಳಿಬಿಟ್ಟೆ. “ನಾಕನೇದು ಕಡದಿದ್ರ ನೀರು ಬರ್ತಿತ್ತೇನು?” ಎಂದ ಸಣ್ಣ ಮಾಮ. “ಧೂಳೇ ಬರ್ತಿತ್ತು. ಆಗ ಎರಡೂ ಕಾಗದಾ ಹಿಡ್ಕೊಂಡು ನೀ ಅಳ್ತಿದ್ದಿ.” ಸಂಜೆ ಟ್ರಕ್ಕು ಬಂತು. ಅತ್ತೆ ಹಿಂದಿನ ಹಲಗೆ ಹತ್ತಿ ಕುಳಿತಳು, ಮುಖದ ಮೇಲೆ ಇನ್ನೂ ಆ ಧೂಳಿತ್ತು.

ಆ ಚಳಿಗಾಲ ನನ್ನ ಗುತ್ತಿಗೆ ಮುಂದುವರಿಯಲಿಲ್ಲ. ಕಾರಣ ಬರೆದಿರಲಿಲ್ಲ. ನಾನು ಊಹಿಸಬಲ್ಲೆ, ಊಹೆಯನ್ನು ಸಾಕ್ಷಿ ಎನ್ನಲಾರೆ. ನನ್ನ ತಿದ್ದುಪಡಿಗೆ ಉತ್ತರವೂ ಬರಲಿಲ್ಲ. ಮುಂದಿನ ಕೆಲಸಕ್ಕೆ ಅರ್ಜಿ ಹಾಕುವಾಗ ಆ ಒಂದು ಪುಟವನ್ನೂ ಜೊತೆಗೆ ಲಗತ್ತಿಸಿದೆ. ಎರಡು ಕಡೆ ಕರೆಯಲಿಲ್ಲ, ಮೂರನೆಯ ಕಡೆ ಕರೆದರು.

ಬೇಸಿಗೆಗೆ ಅತ್ತೆ ತಿರುಗಿ ಬಂದಳೆಂದು ತಿಳಿದು ಊರಿಗೆ ಹೋದೆ. ಶೇಪ್ಯಾ ಕಡಿಮೆಯಾದರೂ ಕಾಯಿ ಬಿಟ್ಟಿತ್ತು. ಹೊಸ ಎಲೆ ಬೇಕೆಂದೆ. ಯಾರೂ ಕೇಳದಿದ್ದರೂ ಎಲ್ಲವನ್ನೂ ಮೊದಲಿನಿಂದ ಓದಿಸಬೇಕೆಂದಿದ್ದೆ. ಅತ್ತೆ ಬುಟ್ಟಿ ಹಿಡಿದು ಬಾವಿಯಿಂದ ಹೊರಟಳು. ಲಾಭ. ಎರಡು. ಮೂರು. ನಾಲ್ಕು. ಮುಂದಿನ ಜಾಗದಲ್ಲಿ ನೆಲಮಟ್ಟದ ಬೊಡ್ಡೆಯಷ್ಟೇ ಇತ್ತು. ಅವಳು ಅದರ ಮೇಲೆ ಪಾದವಿಟ್ಟು, “ಐದು,” ಎಂದು ಜೋರಾಗಿ ಹೇಳಿ, ನಾನು ಬರೆಯುವವರೆಗೂ ಕಾಲು ತೆಗೆಯಲಿಲ್ಲ.

“ಬರದಿ?”

“ಬರದೀನತ್ತಿ.”

“ಮೊದಲನೇದು ಏನು ಬರದಿ?”

ಚೀಲ ತೋರಿಸಿದೆ. ಅವಳಿಗೆ ಓದು ಬರುತ್ತದೆ, ಓದಿ ತಲೆಯಾಡಿಸಿದಳು.

ಈಗಲೂ ನನ್ನ ಪ್ರತಿ ಪಟ್ಟಿಯ ಮೊದಲ ಸಾಲು ‘ಲಾಭ’. ಆ ಜಾಗದಲ್ಲಿ ಅಂಕಿ ಮಾತ್ರ ಸಲ್ಲುತ್ತದೆ ಎಂದು ಹೊಸ ಕಚೇರಿಯ ಪ್ರೋಗ್ರಾಂ ಶುರುವಿನಲ್ಲಿ ತಕರಾರು ತೆಗೆಯಿತು. ‘ಒಂದು’ ಎಂದು ತಿದ್ದಿಬಿಡಿ, ಎರಡು ನಿಮಿಷದ ಕೆಲಸ ಎಂದರು ಜೊತೆಯವರು. ನಾನು ಎರಡು ದಿನ ಕುಳಿತು ಪ್ರೋಗ್ರಾಮನ್ನೇ ತಿದ್ದಿದೆ.